ಶಾರದಕ್ಕನ ತೋಳಿನ ಪೊಳ್ಳು

ಮೊನ್ನೆ ಪಾತ್ರೆ ಉಜ್ಜುವ ಸ್ಪಾಂಜು ಒಲೆಯ ಮೇಲೆ ಬಿದ್ದು ಸುಟ್ಟಿತು. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಮಾತ್ರ ಮಲ್ಲಿಗೆಯ ಬಳ್ಳಿಯ ಮುಂದೆ ನಿಂತವನ ಹಾಗೆ ಉಸಿರೆಳೆದುಕೊಳ್ಳುತ್ತಾ ನಿಂತೆ. ನಗಬೇಡಿ, ನನ್ನ ಯೌವನದ ವಾಸನೆಯೇ ಅದು.

ತೊಂಬತ್ತರ ದಶಕದಲ್ಲಿ ನಾನು ವಡೋದರಾದ ಪ್ರಯೋಗಾಲಯವೊಂದರಲ್ಲಿ ಕೃತಕ ಎಲುಬಿನ ಚೂರು ಮಾಡಲು ಹೆಣಗುತ್ತಿದ್ದೆ. ಎಲುಬಿನಲ್ಲಿರುವಂಥದೇ ಖನಿಜದ ಪುಡಿಯನ್ನು ನೀರಿನಲ್ಲಿ ಕದಡಿ, ಅದರಲ್ಲಿ ಸ್ಪಾಂಜು ಅದ್ದಿ, ಹಿಂಡಿ, ಒಣಗಿಸಿ ಕುಲುಮೆಯಲ್ಲಿ ಸುಡುವುದು. ಸ್ಪಾಂಜು ಉರಿದುಹೋಗಿ ಮೈತುಂಬ ತೂತಿರುವ ಕಲ್ಲು ಉಳಿಯುತ್ತದೆ. ಅದನ್ನು ಎಲುಬಿನ ಪೊಳ್ಳಿನಲ್ಲಿಟ್ಟರೆ, ಗಾರೆ ಕೆಲಸದವರು ಸಾರುವೆ ಹತ್ತಿ ಗೋಡೆ ಕಟ್ಟುವಂತೆ, ಜೀವಕೋಶಗಳು ಆ ತೂತುಗಳನ್ನು ಹೊಕ್ಕು ಹೊಸ ಎಲುಬು ಕಟ್ಟುತ್ತವೆ. ಪುಸ್ತಕಗಳಲ್ಲಿ ಹಾಗಿತ್ತು. ನನ್ನ ಚೂರುಗಳೋ, ಬೆರಳಲ್ಲಿ ಹಿಡಿದರೆ ಹುರಿಗಡಲೆಯಂತೆ ಪುಡಿಯಾಗುತ್ತಿದ್ದವು.

ಊಟಕ್ಕೆ ಅಲ್ಲೇ ಅಲ್ಕಾಪುರಿ ಬಡಾವಣೆಯಲ್ಲಿ ಉಡುಪಿ ಕಡೆಯ ಭಟ್ಟರ ಹೋಟೆಲು. ಗಲ್ಲಾಪೆಟ್ಟಿಗೆಯಲ್ಲಿ ಭಟ್ಟರು, ಅಡುಗೆಮನೆಯಲ್ಲಿ ಅವರ ಹೆಂಡತಿ ಶಾರದಕ್ಕ. ಅಲ್ಲಿಯವರ ನಾಲಿಗೆಗೆ ತಕ್ಕಂತೆ ಸಾಂಬಾರಿಗೆ ಬೆಲ್ಲ ಧಾರಾಳವಾಗಿ ಬೀಳುತ್ತಿತ್ತು. ಬೀಳುವ ಮೊದಲೇ ಶಾರದಕ್ಕ ನನಗೊಂದು ಬಟ್ಟಲು ಎತ್ತಿಡುತ್ತಿದ್ದರು. "ಎಲುಬು ಮಾಡುವವರು ಬಂದ್ರು!" ಎಂದು ಒಳಗಿನಿಂದ ಕೂಗುವುದೂ ಇತ್ತು. ಪಕ್ಕದ ಮೇಜಿನವರಿಗೆ ಕನ್ನಡ ಬಾರದ್ದರಿಂದ ನನ್ನ ಮರ್ಯಾದೆ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಹಿಟ್ಟಿನ ಪಾತ್ರೆ ಎತ್ತುವಾಗ ಶಾರದಕ್ಕನ ತೋಳು ಲಟಕ್ಕೆಂದು ಮುರಿಯಿತು. ಎಕ್ಸ್‌ರೇಯಲ್ಲಿ ನೋಡಿದರೆ ಎಲುಬಿನೊಳಗೆ ನೆಲ್ಲಿಕಾಯಿಯಷ್ಟು ಪೊಳ್ಳು. ಕೆಟ್ಟ ಗಡ್ಡೆಯಲ್ಲ, ಆದರೆ ತುಂಬಿಸದಿದ್ದರೆ ಮತ್ತೆ ಮುರಿಯಬಹುದು. ಸೊಂಟದ ಎಲುಬನ್ನು ಸ್ವಲ್ಪ ಕೆತ್ತಿ ತುಂಬಬಹುದು, ಇಲ್ಲವೇ ಕೃತಕ ಚೂರು ಹಾಕಬಹುದು ಎಂದರು ಅಹಮದಾಬಾದಿನ ಡಾಕ್ಟರು.

"ಕೈ ರಿಪೇರಿಗೆ ಸೊಂಟ ಒಡೆಯುವುದಾ?" ಎಂದರು ಶಾರದಕ್ಕ. "ಕೃತಕದ್ದೇ ಇರ್ಲಿ. ಆದ್ರೆ ನೀವು ಮಾಡಿದ್ದೇ ಆಗ್ಬೇಕು. ಗುರುತಿಲ್ಲದವರದ್ದು ನನಗೆ ಬೇಡ."

ಒಂದು ಗಳಿಗೆ ಎದೆಯುಬ್ಬಿತು. ಮರುಗಳಿಗೆ ಬೆರಳಲ್ಲೇ ಪುಡಿಯಾಗುವ ನನ್ನ ಚೂರುಗಳು ನೆನಪಾದವು. "ಅಕ್ಕಾ, ನನ್ನದು ಮನುಷ್ಯರಿಗೆ ಹಾಕುವಂಥದ್ದಲ್ಲ" ಎಂದೆ. ಅವರು ಕೇಳಲಿಲ್ಲ. ಆಪರೇಷನ್ನಿನ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ತೂಗುತ್ತಿದ್ದ ಕೈಯ ಬೆರಳುಗಳು ಬಾತುಕೊಂಡಿದ್ದವು. ಭಟ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಅವಳಿಗೆ ಹೆದರಿಕೆ ಮಾರಾಯ್ರೆ, ಹೇಳುವುದಿಲ್ಲ ಅಷ್ಟೇ. ನೀವೊಮ್ಮೆ ಜೊತೆಗೆ ಬನ್ನಿ" ಎಂದರು.

ಮೂವರೂ ರೈಲಿನಲ್ಲಿ ಅಹಮದಾಬಾದಿನ ಮಣಿನಗರಕ್ಕೆ, ಆ ಡಾಕ್ಟರ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾರ್ಖಾನೆಯಲ್ಲಿ ತಯಾರಾದ ಚೂರಿನ ಮಾದರಿಯೊಂದನ್ನು ನನ್ನ ಅಂಗೈಗೆ ಹಾಕಿದರು. ಹಿಸುಕಿದೆ, ಜಗ್ಗಲಿಲ್ಲ. ತೂತುಗಳು ಒಂದಕ್ಕೊಂದು ಕೂಡಿವೆಯೇ ಎಂದು ನೋಡಲು ಪೆನ್ನಿನಿಂದ ಒಂದು ಹನಿ ಇಂಕು ಬಿಟ್ಟೆ. ತೂತಿನಿಂದ ತೂತಿಗೆ ಇಳಿದು ಇನ್ನೊಂದು ಬದಿಗೆ ಬಂದು ನನ್ನ ಅಂಗೈಯನ್ನು ನೀಲಿ ಮಾಡಿತು. ನನ್ನ ಚೂರುಗಳಲ್ಲಿ ಇಂಕು ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೊಟ್ಟೆಕಿಚ್ಚಾಯಿತು ಎಂದರೆ ಕಡಿಮೆಯೇ.

"ಹೇಗುಂಟು?" ಎಂದರು ಶಾರದಕ್ಕ, ನನ್ನ ಮುಖವನ್ನೇ ನೋಡುತ್ತಾ.

"ನನ್ನದಕ್ಕಿಂತ ತುಂಬಾ ಚೆನ್ನಾಗಿದೆ ಅಕ್ಕಾ."

ಅವರು "ತನ್ನ ಮಾಲಿಗಿಂತ ಬೇರೆಯವರದ್ದು ಒಳ್ಳೇದು ಅಂತ ಹೋಟೆಲಿನವ ಯಾವತ್ತಾದ್ರೂ ಹೇಳ್ತಾನಾ?" ಎಂದು ಗಂಡನ ಕಡೆ ನೋಡಿದರು. "ಇವರು ಹೇಳಿದ್ರಲ್ಲ. ಹಾಗಾದ್ರೆ ಆಗ್ಲಿ."

"ಚಿಂತಾ ನಹೀ ಕರ್ತಾ, ಬೆನ್" ಎಂದು ಡಾಕ್ಟರು ಗುಜರಾತಿಯಲ್ಲಿ ಅಕ್ಕನಿಗೆ ಧೈರ್ಯ ಹೇಳಿ ನಕ್ಕರು.

ಆಪರೇಷನ್ ಆಯಿತು. ಮುಂದಿನ ಎಕ್ಸ್‌ರೇಗಳಲ್ಲಿ ಚೂರಿನ ಅಂಚು ಮೆಲ್ಲಗೆ ಮಸುಕಾಗಿ, ಅದಕ್ಕೂ ಎಲುಬಿಗೂ ನಡುವಿನ ಗೆರೆ ಕಾಣದಾಯಿತು. ಪುಸ್ತಕದ ಮಾತು ನಿಜವೆಂದು ನಾನು ಕಣ್ಣಾರೆ ಕಂಡದ್ದು ಆ ತೋಳಿನಲ್ಲೇ. ನನ್ನ ಚೂರುಗಳು ಕೊನೆವರೆಗೂ ಯಾರ ಮೈಯನ್ನೂ ಸೇರಲಿಲ್ಲ. ನಾನು ಮೇಷ್ಟ್ರಾದೆ, ವಡೋದರಾ ಬಿಟ್ಟೆ. ಏನೂ ಸಾಧಿಸಲಿಲ್ಲವೆಂಬ ಕೊರಗು ಆಗಾಗ ಬರುತ್ತದೆ.

ಸ್ಪಾಂಜು ಸುಟ್ಟ ಸಂಜೆ ಶಾರದಕ್ಕನಿಗೆ ಫೋನು ಮಾಡಿದೆ. ಈಗ ಅವರಿರುವುದು ಸೂರತ್ತಿನಲ್ಲಿ, ಮಗಳ ಜೊತೆ. ಕುಶಲ ಮುಗಿದ ಮೇಲೆ ಕೇಳಿದೆ, "ಕೈ ಹೇಗಿದೆ ಅಕ್ಕಾ?"

"ಯಾವ ಕೈ?"

"ಮುರಿದಿತ್ತಲ್ಲ, ಅದು."

"ತಡೀರಿ... ಬಲದ್ದಾ, ಎಡದ್ದಾ? ಅಯ್ಯೋ, ಮರ್ತೇ ಹೋಗಿದೆ ನೋಡಿ!"

ಫೋನಿಟ್ಟು ಬಹಳ ಹೊತ್ತು ಒಬ್ಬನೇ ನಗುತ್ತಾ ಕುಳಿತಿದ್ದೆ.