ಬಿಟ್ಟ ಗುಳಿಗೆ

ಗುಳಿಗೆ ನುಂಗಲು ಒಂದು ಗಳಿಗೆ ಸಾಕು. ನುಂಗದಿರಲು ಮಾತ್ರ ಒಂದು ತತ್ತ್ವಜ್ಞಾನವೇ ಬೇಕು. ಮೂವತ್ತು ವರ್ಷ ಹಾನಗಲ್ಲಿನ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸಿ ನಿವೃತ್ತನಾದ ನನಗೆ ಅಂಥ ತತ್ತ್ವಜ್ಞಾನಕ್ಕೇನೂ ಕೊರತೆಯಿರಲಿಲ್ಲ. ಹೋದ ವರ್ಷ ಎದೆನೋವು ಬಂದು, ಹುಬ್ಬಳ್ಳಿಯಲ್ಲಿ ರಕ್ತನಾಳಕ್ಕೊಂದು ಸ್ಟೆಂಟ್ ಹಾಕಿಸಿಕೊಂಡು ಮರಳುವಾಗ, ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರರು ಒತ್ತಿ ಹೇಳಿದ್ದರು. ನಾಲ್ಕು ತಿಂಗಳು ವಿಧೇಯನಾಗಿದ್ದೆ. ಆಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಕೊಲೆಸ್ಟ್ರಾಲ್ ಇಳಿದಿತ್ತು. ಇಳಿದದ್ದನ್ನು ಮತ್ತೆ ಇಳಿಸುವುದೇನೆಂದು ತರ್ಕಿಸಿ ಗುಳಿಗೆ ಬಿಟ್ಟೆ. ಇಳಿಸಿದ್ದು ಆ ಗುಳಿಗೆಯೇ ಎಂಬ ಅಲ್ಪಸಂಗತಿ, ಕರ್ತೃ-ಕರ್ಮಗಳ ಪಾಠ ಹೇಳಿದ ನನಗೆ ಹೊಳೆಯಲೇ ಇಲ್ಲ.

ಬಿಟ್ಟವನು ಸುಮ್ಮನಿದ್ದರೂ ಆಗುತ್ತಿತ್ತು. ತಡಸದಲ್ಲಿರುವ ನನ್ನ ಅಕ್ಕನಿಗೆ ನನಗಿಂತ ಮೊದಲೇ ಹೃದಯಾಘಾತವಾಗಿ, ಅವಳೂ ಅದೇ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಒಮ್ಮೆ ಅವಳ ಮನೆಯಲ್ಲಿ ಊಟ ಮುಗಿಸಿ, ನನ್ನ ಈ ವೈರಾಗ್ಯವನ್ನು ಸವಿಸ್ತಾರವಾಗಿ ವರ್ಣಿಸಿದೆ.

"ಬಿಟ್ಟರೂ ಆರಾಮ ಅದೀ?" ಎಂದಳು.

"ಕಲ್ಲಿನಂಗ ಅದೇನಿ," ಎಂದೆ.

ಮೂರು ತಿಂಗಳ ಬಳಿಕ ಅಕ್ಕನಿಗೆ ಮತ್ತೆ ಎದೆನೋವು ಬಂತು. ಅವಳನ್ನು ಸೇರಿಸಿದ್ದ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆ. ಎರಡು ದಿನ ಬಾಗಿಲ ಹೊರಗೆ ಕುಳಿತಾಗ ನನ್ನ ಯಾವ ತತ್ತ್ವವೂ ನೆರವಿಗೆ ಬರಲಿಲ್ಲ. ಅಪಾಯ ಕಳೆದು ಅವಳನ್ನು ವಾರ್ಡಿಗೆ ತಂದದ್ದೇ ತಡ, ಅದುಮಿಟ್ಟ ಭಯವೆಲ್ಲ ಉಪದೇಶವಾಗಿ ಹೊರಬಿತ್ತು. ಶಿಸ್ತಿನ ಮಹತ್ತ್ವವನ್ನು ನಾನು ವಿವರಿಸುತ್ತಿರುವಾಗಲೇ ಡಾಕ್ಟರರು ಬಂದರು.

"ಗುಳಿಗಿ ಯಾಕ ಬಿಟ್ರಿ, ಅಮ್ಮಾರ?"

ಅಕ್ಕ ಅಭಿಮಾನದಿಂದ ನನ್ನತ್ತ ಕೈತೋರಿದಳು. "ಇಂವ ನನ್ನ ತಮ್ಮರಿ, ಸಾಲಿ ಮಾಸ್ತರ. ಅವನೂ ಬಿಟ್ಟಾನ. ಓದಿದಾಂವ ತಪ್ಪು ಮಾಡ್ತಾನೇನ್ರಿ?"

ನಾನು ಕಿಟಕಿಯ ಹೊರಗೆ ನೋಡಿದೆ. ಡಾಕ್ಟರರು ನಗಲಿಲ್ಲ. "ಮಾಸ್ತರ, ನಾಳೆ ನಿಮ್ಮ ರಕ್ತನೂ ಕೊಡ್ರಿ," ಎಂದಷ್ಟೇ ಹೇಳಿದರು. ಕೊಟ್ಟೆ. ಇಳಿದದ್ದೆಲ್ಲ ಬಡ್ಡಿಸಮೇತ ಏರಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅಕ್ಕನ ಆ ಅಭಿಮಾನ. ಅವಳು ನನ್ನ ಮೇಲೆ ಒಮ್ಮೆಯೂ ಸಿಟ್ಟಾಗಲಿಲ್ಲ.

ಈಗ ದಿನವೂ ಊಟವಾದೊಡನೆ ತಡಸದಿಂದ ಫೋನು ಬರುತ್ತದೆ. ಎರಡೂ ಊರುಗಳಲ್ಲಿ ಏಕಕಾಲಕ್ಕೆ ಗುಳಿಗೆ ಇಳಿಯಬೇಕೆಂಬುದು ಅಕ್ಕನ ಕಟ್ಟಪ್ಪಣೆ. ನಿನ್ನೆ ಯಾವುದೋ ಪುಸ್ತಕದಲ್ಲಿ ಮುಳುಗಿದ್ದವನು, "ನುಂಗೇನಕ್ಕಾ," ಎಂದುಬಿಟ್ಟೆ.

"ಸುಳ್ಳ ಹೇಳಬ್ಯಾಡ. ನೀರು ಕುಡದ ಸಪ್ಪಳ ಕೇಳಲಿಲ್ಲ."

ಎದ್ದು ಹೋಗಿ, ಗುಳಿಗೆ ಬಾಯಿಗೆ ಹಾಕಿ, ಫೋನನ್ನು ಗಂಟಲಿಗೆ ಹಿಡಿದುಕೊಂಡು ನೀರು ಕುಡಿದೆ.