ಅರಿವೆಯ ಕೊರತೆ

ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಡಾಕ್ಟರಿ ಓದಲು ಹೊರಟವಳನ್ನು ಹದಿನೈದು ದಿನ ಸಂದರ್ಶನ ಮಾಡಿದ್ದೇನೆ. ನಗುವವರು ನಗಬಹುದು.

ಮೊಮ್ಮಗಳು ಶಶಿಗೆ ಒಂದೇ ಒಂದು ಮೆಡಿಕಲ್ ಕಾಲೇಜಿನಿಂದ ಕರೆ ಬಂದಿತ್ತು. ಅಲ್ಲಿ ಬರೀ ಅಂಕ ಸಾಲದು, ಎದುರು ಕೂರಿಸಿಕೊಂಡು ಸರ್ಕಾರದ ಆರೋಗ್ಯ ನೀತಿಯ ಮೇಲೆ ಪ್ರಶ್ನೆ ಕೇಳುತ್ತಾರಂತೆ. ಇದು ತಪ್ಪಿದರೆ ಚಾಮರಾಜನಗರದಲ್ಲಿ ಬಿ.ಎಸ್ಸಿ. ನೀತಿ ಎಂದರೆ ಕದಿಯಬಾರದು, ಹಿರಿಯರಿಗೆ ಎದುರಾಡಬಾರದು ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಆಸ್ಪತ್ರೆಗೂ ಒಂದು ನೀತಿ ಇದೆಯೆಂದು ಆಗಲೇ ತಿಳಿದದ್ದು.

ಹರದನಹಳ್ಳಿಯ ನಮ್ಮ ಜಗಲಿಯಲ್ಲಿ ಹುರುಳಿ ಆರಿಸುತ್ತ ನಾನು ಕೂರುವುದು, ಅವಳ ಮೇಷ್ಟರು ಬರೆದುಕೊಟ್ಟ ಪ್ರಶ್ನೆಯನ್ನು ಅಕ್ಷರ ಕೂಡಿಸಿ ಓದುವುದು, ಅವಳು ನಿಂತು ಉತ್ತರ ಹೇಳುವುದು.

ಒಂದು ದಿನ, "ಹಳ್ಳಿ ಹೆಂಗಸರು ಆಸ್ಪತ್ರೆಗೆ ತಡವಾಗಿ ಬರುವುದೇಕೆ?" ಎಂದು ಓದಿದೆ.

"ಅರಿವಿನ ಕೊರತೆ," ಎಂದಳು, ಗಿಣಿಯಂತೆ.

"ಸರ್ಯಾಗೇಳ್ದೆ ಕಣಮ್ಮಿ! ಒಂದ್ ಒಳ್ಳೆ ಸೀರೆ ಇಲ್ದೆ ಆಸ್ಪತ್ರೆಗೆ ಎಂಗೋಗದು?"

ಶಶಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರಿವೆ ಅಲ್ಲ ಕಣಜ್ಜಿ, ಅರಿವು! ಅಂದ್ರೆ ತಿಳುವಳ್ಕೆ."

ಅರಿವೆ ಎಂದರೆ ನಮಗೆ ಬಟ್ಟೆ. ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಪಕ್ಕದ ಮನೆಯ ಪುಟ್ಟಮ್ಮ ಜ್ವರದಲ್ಲಿ ಎರಡು ದಿನ ಬಿದ್ದುಕೊಂಡಿದ್ದು ತಿಳಿವಳಿಕೆ ಇಲ್ಲದೆಯೇ? ಅವಳಿಗಿದ್ದದ್ದು ಎರಡು ಸೀರೆ. ಮೈಮೇಲಿದ್ದದ್ದು ಹರಿದಿತ್ತು, ಇನ್ನೊಂದು ಮಳೆಗೆ ಒಣಗಿರಲಿಲ್ಲ. ಡಾಕ್ಟರು "ಇಷ್ಟು ದಿನ ಏನ್ ಮಾಡ್ತಿದ್ದೆ?" ಎಂದು ಗದರಿದರು. ಹರಕು ಸೀರೆಯ ಸುದ್ದಿಯನ್ನು ಗಂಡಸಿನ ಮುಂದೆ ಹೇಳುವುದುಂಟೇ? ಬದುಕಿಕೊಂಡಳು ಬಿಡಿ, ಈಗಲೂ ನನ್ನ ಜೊತೆ ಜಗಳಕ್ಕೆ ಬರುತ್ತಾಳೆ.

ನಾನು ಇದನ್ನೆಲ್ಲ ಹೇಳಿದಾಗ, "ಇದ್ನ ಅಲ್ಲೇಳಿದ್ರೆ ನಗ್ತರೆ," ಎಂದಳು ಶಶಿ.

"ನಗ್ಲಿ ಬುಡು. ನೀನೂ ನಗ್ನಿಲ್ವಾ?"

ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತಂತೆ. "ಅರಿವಿನ ಕೊರತೆ" ಎಂದಾಗ ಎದುರಿದ್ದ ಮೂವರೂ ಆಕಳಿಕೆ ತಡೆದುಕೊಂಡವರಂತೆ ನೋಡಿದರಂತೆ. ಹಿಂದಿನವರೆಲ್ಲ ಅದನ್ನೇ ಹೇಳಿ ಹೋಗಿದ್ದರೋ ಏನೋ. ಇವಳು ಹೆದರಿ, ಪುಟ್ಟಮ್ಮನ ಸೀರೆಯ ಕಥೆ ಹೇಳಿಬಿಟ್ಟಳು. ಯಾರೂ ನಗಲಿಲ್ಲ. ಅವರಲ್ಲೊಬ್ಬ ಡಾಕ್ಟರಮ್ಮ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರು. "ಗದರ್ತಿರಲಿಲ್ಲ," ಎಂದಳಂತೆ.

ಸೀಟು ಸಿಕ್ಕಿತು. ಎಸ್‌ಟಿಡಿ ಬೂತಿನಿಂದ ಓಡಿ ಬಂದು ಕಾಲಿಗೆ ಬಿದ್ದವಳಿಗೆ, ಹುರುಳಿ ತುಳಿಯಬೇಡ ಎಂದೆ.

ಮೊದಲ ರಜೆಗೆ ಬಂದಾಗ, ನಾನು ಮಂಡಿ ಹಿಡಿದು ಏಳುವುದನ್ನು ಕಂಡು ಎದುರಿಗೇ ಕೂತಳು. "ಎಷ್ಟ್ ದಿನದಿಂದ ನೋವು ಅಜ್ಜಿ?"

ಮೂರು ವರ್ಷದಿಂದ. ಆದರೆ ಕೇಳುತ್ತಿರುವವಳು ಡಾಕ್ಟರಾಗುವವಳು.

"ನೆನ್ನೆಯಿಂದ ಕಣಮ್ಮಿ," ಎಂದೆ.