ಐವತ್ತು ಕೆಬಿಯ ದತ್ತಾ ಮಾವ

ನಮ್ಮ ದೊಡ್ಡಪ್ಪ ರಾಮನಾಥ ಅಂಕೋಲೆಯ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಒಂದು ದಿನವೂ ಬಲೆ ಎಳೆದವರಲ್ಲ. ಈ ಬಗ್ಗೆ ಅವರಿಗೆ ಬೇಸರವೇನಿಲ್ಲ, ಹೆಮ್ಮೆಯೇ ಇದೆ. ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದರು. ಕೊನೆಯ ಹತ್ತು ವರ್ಷ ಅವರಿಗಿದ್ದದ್ದು ಒಂದೇ ಕೆಲಸ. ಜನ ಅರ್ಜಿಯ ಜೊತೆ ಕೊಡುವ ಫೋಟೊ ಕಂಪ್ಯೂಟರಿನ ಲೆಕ್ಕದಲ್ಲಿ ಐವತ್ತು ಕೆಬಿಗಿಂತ ದೊಡ್ಡದಿದ್ದರೆ ಅರ್ಜಿ ವಾಪಸು ಮಾಡುವುದು. ಹಣಕೋಣದಿಂದ ಬಸ್ಸು ಹಿಡಿದು ಬಂದ ಮುದುಕನನ್ನು ಹಾಗೇ ಮನೆಗೆ ಕಳಿಸಿದ ಕಥೆಯನ್ನು ಅವರು ಊಟದ ಹೊತ್ತಿಗೆ ತುಂಬ ಸಂತೋಷದಿಂದ ಹೇಳುತ್ತಿದ್ದರು. ಕೆಬಿ ಎಂದರೇನೆಂದು ಮುದುಕನಿಗೆ ಗೊತ್ತಿರಲಿಲ್ಲ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ, ಆದರೆ ಅವರು ಕೌಂಟರಿನ ಒಳಗಡೆ ಇದ್ದರು.

ನಿವೃತ್ತಿಯಾದ ಮೇಲೆ ವಾಪಸು ಕಳಿಸಲು ಯಾರೂ ಸಿಗದೆ ಒದ್ದಾಡಿದರು. ಕೆಲವು ತಿಂಗಳು ಗೋದಾವರಿ ದೊಡ್ಡಮ್ಮ ತಂದ ಮೀನನ್ನೇ ವಾಪಸು ಕಳಿಸಿ ನೋಡಿದರು, ಅದು ನಡೆಯಲಿಲ್ಲ. ಆಮೇಲೆ ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ಮನೆಗೆ ಬಂದವು. ಕುಟುಂಬದ ಹಳೆಯ ಫೋಟೊಗಳನ್ನೆಲ್ಲ ತಾವು ಕಾಪಾಡುವುದಾಗಿ ದೊಡ್ಡಪ್ಪ ಎಲ್ಲರಿಗೂ ಫೋನು ಮಾಡಿ ಸಾರಿದರು. ಹಾಗೆ ಕಾಪಾಡಿಸಿಕೊಳ್ಳಬೇಕೆಂದು ಯಾರೂ ಕೇಳಿರಲಿಲ್ಲ. ಆದರೂ ನಮ್ಮವರು ಟ್ರಂಕು, ಕಪಾಟು ಹುಡುಕಿ ಫೋಟೊ ಕಳಿಸಿದರು.

ದೇವಬಾಗದಿಂದ ನಾಗು ಅತ್ತೆ ತಾನೇ ಬಂದಳು. ಅವಳು ದೊಡ್ಡಪ್ಪನ ತಂಗಿ. ಅವಳ ಗಂಡ ದತ್ತಾ ಮಾವ ಇಪ್ಪತ್ತೊಂಬತ್ತು ವರ್ಷದ ಹಿಂದೆ ದೋಣಿ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ. ದೇಹವೂ ಸಿಗಲಿಲ್ಲ. ಆಗ ಮಗಳು ಮಾನಸಾ ಹೊಟ್ಟೆಯಲ್ಲಿದ್ದಳು. ಅತ್ತೆಯ ಹತ್ತಿರ ಉಳಿದಿದ್ದದ್ದು ಒಂದೇ ಫೋಟೊ. ಹೊಸ ದೋಣಿಯನ್ನು ಪೂಜೆ ಮಾಡಿ ನೀರಿಗಿಳಿಸಿದ ದಿನ ತೆಗೆದದ್ದು. ಇಪ್ಪತ್ತೆರಡು ಜನ ನಿಂತಿದ್ದಾರೆ, ಎಲ್ಲರಿಗಿಂತ ತುದಿಯಲ್ಲಿ ದತ್ತಾ ಮಾವ. ಉಪ್ಪು ಗಾಳಿಗೆ ಅದರ ಅಂಚೆಲ್ಲ ಬೂಷ್ಟು ಹಿಡಿದಿತ್ತು.

"ಇದೊಂದೇ ಅದೆ ಅಣ್ಣಾ. ಜೋಪಾನ" ಎಂದು ಅತ್ತೆ ಅದನ್ನು ಸೀರೆಯ ತುಂಡಿನಿಂದ ಬಿಡಿಸಿ ಕೊಟ್ಟಳು.

ದೊಡ್ಡಪ್ಪ ಸ್ಕ್ಯಾನ್ ಮಾಡಿದರು. ಅದನ್ನು ಚೆನ್ನಾಗಿಯೇ ಮಾಡಿದರು, ಸುಳ್ಳು ಹೇಳಬಾರದು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಆದರೆ ಪ್ರತಿ ಫೋಟೊದ ಪಕ್ಕದಲ್ಲಿ ದೊಡ್ಡ ದೊಡ್ಡ ಕೆಬಿ ಸಂಖ್ಯೆ ಕಂಡು ಅವರ ಹಳೆಯ ರಕ್ತ ಕುದಿಯಿತು. ಒಂದೊಂದಾಗಿ ನಾನೂರ ಹನ್ನೆರಡು ಫೋಟೊಗಳನ್ನು ಕುಗ್ಗಿಸಿ ಐವತ್ತು ಕೆಬಿಯೊಳಗೆ ತಂದರು. ಹಳೆಯದರ ಮೇಲೆಯೇ ಹೊಸದನ್ನು ಬರೆಯಲೇ ಎಂದು ಕಂಪ್ಯೂಟರು ಪ್ರತಿ ಸಲವೂ ಕೇಳುತ್ತಿತ್ತು. ಮೂವತ್ತೆರಡು ವರ್ಷ ಕೇಳಿದವರಿಗೆಲ್ಲ ಆಗುವುದಿಲ್ಲ ಎಂದ ಮನುಷ್ಯ, ಈ ಯಂತ್ರಕ್ಕೆ ನಾನೂರ ಹನ್ನೆರಡು ಸಲ ಹೌದು ಎಂದರು.

ಇನ್ನು ಕಾಗದದ ಫೋಟೊಗಳು. ನಮ್ಮ ಕಡೆ ಹಾಳಾದ ದೇವರ ಪಟವನ್ನಾಗಲಿ ತೀರಿಹೋದವರ ಫೋಟೊವನ್ನಾಗಲಿ ಕಸಕ್ಕೆ ಹಾಕುವುದಿಲ್ಲ, ನೀರಿಗೆ ಬಿಡುತ್ತೇವೆ. ಬೂಷ್ಟು ಹಿಡಿದ ಫೋಟೊ ಮನೆಯಲ್ಲಿಟ್ಟುಕೊಂಡರೆ ಒಳ್ಳೆಯದಲ್ಲ, ಮೇಲಾಗಿ ಮಾನಸಾಳ ಮದುವೆ ನಿಶ್ಚಯವಾಗಿದೆ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಎಲ್ಲವನ್ನೂ ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ, ದಾಸವಾಳ ಇಟ್ಟು, ಕಾಯಿ ಒಡೆದು, ಕಾಳಿ ನದಿ ಸಮುದ್ರ ಸೇರುವಲ್ಲಿ ದೋಣಿಯಿಂದ ಬಿಟ್ಟರು. ನಾಗು ಅತ್ತೆಯೂ ದೋಣಿಯಲ್ಲಿದ್ದಳು. ಹೆದರಬೇಡ, ದತ್ತಾ ಕಂಪ್ಯೂಟರಿನಲ್ಲಿ ಭದ್ರವಾಗಿದ್ದಾನೆ ಎಂದು ದೊಡ್ಡಪ್ಪ ಧೈರ್ಯ ಹೇಳಿದರಂತೆ. ಅವಳು ಅಣ್ಣನನ್ನು ನಂಬಿ ಕೈ ಮುಗಿದಳು.

ಮದುವೆಗೆ ಹದಿನೈದು ದಿನವಿದ್ದಾಗ ಅತ್ತೆ ದತ್ತಾ ಮಾವನ ಮುಖವನ್ನಷ್ಟೇ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಲು ಕೇಳಿದಳು. ಮಂಟಪಕ್ಕೆ ಹೋಗುವ ಮುಂಚೆ ಮಗಳು ಅಪ್ಪನಿಗೆ ನಮಸ್ಕಾರ ಮಾಡಿ ಹೋಗಬೇಕು. ಹುಟ್ಟಿದಾಗಿನಿಂದ ಕಾಣದ ಅಪ್ಪ ಅಷ್ಟು ಹೊತ್ತಾದರೂ ಎದುರಿಗಿರಬೇಕು. ಅವಳ ಆಸೆ ಅಷ್ಟೇ. ಅದೇನು ಮಹಾ ಎಂದು ದೊಡ್ಡಪ್ಪ ಒಪ್ಪಿಕೊಂಡರು. ಫೋಟೊ ಅಂಗಡಿಯವನು ಇದರಲ್ಲಿ ಏನೂ ಇಲ್ಲ ಎಂದಾಗ ಅವನಿಗೆ ಕೆಲಸ ಬರುವುದಿಲ್ಲ ಎಂದು ಬೈದು, ನನ್ನನ್ನು ಕರೆಸಿದರು.

ನಾನು ಆ ಫೋಟೊ ತೆರೆದು ಹಿಗ್ಗಿಸಿದೆ. ದತ್ತಾ ಮಾವನ ಒಂದು ಕಣ್ಣು ಎಂದರೆ ಒಂದು ಕಪ್ಪು ಚೌಕ. ಮೀಸೆ ಮೂರು ಚೌಕ. ಸ್ಕ್ಯಾನ್ ಮಾಡಿದ ಮೂಲ ಎಲ್ಲಿ ಎಂದು ಕೇಳಿದೆ. ಇದೇ ಮೂಲ, ನೀಟಾಗಿ ಸಣ್ಣದು ಮಾಡಿದ್ದೇನೆ, ಬೇಕಾದರೆ ಮತ್ತೆ ದೊಡ್ಡದು ಮಾಡುತ್ತೇನೆ ಎಂದು ಅವರು ಅಗಲದ ಜಾಗದಲ್ಲಿ ನಾಲ್ಕು ಸಾವಿರ ಎಂದು ಒತ್ತಿದರು. ಚೌಕಗಳು ದೊಡ್ಡವಾದವು.

"ಈಗ ನೋಡು, ಸೈಜು ಬಂತಲ್ಲ" ಎಂದರು.

"ಸೈಜು ಬಂತು ದೊಡ್ಡಪ್ಪಾ, ಮಾವ ಬರ್ಲಿಲ್ಲ" ಎಂದೆ. ನನಗೆ ಸಿಟ್ಟು ಬಂದಿತ್ತು. ಅವರನ್ನು ಎರಡನೇ ಸಲ ನೀರಿಗೆ ಹಾಕಿದಿರಿ ಎಂದೂ ಅಂದುಬಿಟ್ಟೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಬೇರೆ ದಾರಿಯಿಲ್ಲದೆ ಅದನ್ನೇ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ದೇವಬಾಗಕ್ಕೆ ಒಯ್ದೆವು. ದಾರಿಯುದ್ದಕ್ಕೂ ದೊಡ್ಡಪ್ಪ ತಂಗಿಯ ಬೈಗುಳಕ್ಕೆ ಉತ್ತರ ಜೋಡಿಸಿಕೊಳ್ಳುತ್ತಿದ್ದರು. ಹಳೆಯ ಫೋಟೊವೇ ಸರಿಯಿರಲಿಲ್ಲ ಎನ್ನುವುದು ಒಂದು, ಸ್ಕ್ಯಾನರಿನ ದೋಷ ಎನ್ನುವುದು ಇನ್ನೊಂದು. ಅತ್ತೆ ಬೈಯಲಿಲ್ಲ. ಫೋಟೊವನ್ನು ಗೋಡೆಗೆ ಒರಗಿಸಿ ಬಗ್ಗಿ ನೋಡಿದಳು. ಕೈಯಿಂದ ಗಾಜು ಒರೆಸಿ ಮತ್ತೆ ನೋಡಿದಳು. ಆಮೇಲೆ ಅದರ ಮೇಲಿನ ಕಣ್ಣು ತೆಗೆಯದೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಜಗಲಿ ಇಳಿದು, ಅಂಗಳ ದಾಟಿ, ಬಲೆ ಒಣಗಿಸುವ ಕಂಬಕ್ಕೆ ಬೆನ್ನು ತಾಗಿದಾಗ ನಿಂತಳು. ನಾನೂ ಪಕ್ಕಕ್ಕೆ ಹೋಗಿ ನೋಡಿದೆ, ಅಷ್ಟು ದೂರದಿಂದ ಚೌಕಗಳು ಕೂಡಿಕೊಂಡು ಮುಖದ ಹಾಗೆ ಕಾಣುತ್ತಿದ್ದವು. ದೊಡ್ಡಪ್ಪ ಜೋಡಿಸಿಕೊಂಡಿದ್ದ ಉತ್ತರಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಮದುವೆಯ ದಿನ ಫೋಟೊ ಜಗಲಿಯ ಗೋಡೆಯ ಮೇಲಿತ್ತು. ಅದಕ್ಕೆ ಹಾಕಲು ದೊಡ್ಡಪ್ಪ ಅಬ್ಬಲಿಗೆಯ ಮಾಲೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮಾನಸಾ ಸೀರೆಯ ನೆರಿಗೆ ಎತ್ತಿ ಹಿಡಿದು ಅಂಗಳಕ್ಕೆ ಬಂದಳು. ವಿಡಿಯೊ ತೆಗೆಯುವವನು ಮುಂದೆ ಬನ್ನಿ, ಫೋಟೊ ಮುಟ್ಟಿ ನಮಸ್ಕಾರ ಮಾಡಿ ಎಂದು ಕೈ ಸನ್ನೆ ಮಾಡಿದ. ಅವಳು ಜಗಲಿಯ ಮೆಟ್ಟಿಲಿನತ್ತ ಹೆಜ್ಜೆ ಇಟ್ಟಳು.

ನಾಗು ಅತ್ತೆ ಹಿಂದಿನಿಂದ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಹತ್ರ ಹೋಗ್ಬೇಡ ಮಗಾ, ಇಲ್ಲಿಂದ್ಲೇ ಕೈ ಮುಗಿ" ಎಂದಳು. "ಹತ್ರ ಹೋದ್ರೆ ಅಪ್ಪ ಇರೂದಿಲ್ಲ."